ನೈಲ್ ದಂಡೆಯ ಮಾತು ಕೇಳದ ಕಾದಂಬರಿಗಳು



ಐತಿಹಾಸಿಕ ಕಾದಂಬರಿಯನ್ನು ಕುರಿತು ಮಾತಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಚಿತ್ರದುರ್ಗ, ಕೊಡಗು, ಹಳೇಬೀಡುಗಳ ಮೇಲೆ ನಮ್ಮಲ್ಲಿ ಬಂದಿರುವ ಕಾದಂಬರಿಗಳ ಬಗ್ಗೆ ನನಗಿಂತ ಬಲ್ಲವರು ಬೇಕಾದಷ್ಟು ಹೇಳಿದ್ದಾರೆ. ನಾನು ಇವತ್ತು ದೂರದ ದೇಶವೊಂದಕ್ಕೆ ಹೋಗುತ್ತೇನೆ. ಪ್ರಾಚೀನ ಈಜಿಪ್ಟಿನ ಮೇಲೆ ಬರೆದ ಕಾದಂಬರಿಗಳನ್ನು ಹುಡುಗನಾಗಿದ್ದಾಗಿನಿಂದಲೂ ಹಂಬಲಿಸಿ ಓದಿದವನು ನಾನು. ಓದಿದಷ್ಟೂ ನಿರಾಸೆಯೇ ಹೆಚ್ಚಾಯಿತು. ಆ ನಿರಾಸೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ನಿಮ್ಮ ಮುಂದೆ ಬಿಡಿಸಿ ಇಡಬೇಕೆನ್ನಿಸಿದೆ.

1955ರಲ್ಲಿ ‘ಲ್ಯಾಂಡ್ ಆಫ್ ದ ಫೇರೋಸ್’ ಎಂಬ ಹಾಲಿವುಡ್ ಚಿತ್ರ ಬಂತು. ನಿರ್ದೇಶಕ ಹೊವಾರ್ಡ್ ಹಾಕ್ಸ್. ಚಿತ್ರಕಥೆ ಬರೆದವರಲ್ಲಿ ವಿಲಿಯಂ ಫಾಕ್ನರ್ ಒಬ್ಬರು. ಆ ಹೊತ್ತಿಗಾಗಲೇ ಅವರಿಗೆ ನೊಬೆಲ್ ಬಂದಿತ್ತು. ಫೇರೋ ಹೇಗೆ ಮಾತಾಡುತ್ತಾನೋ ತನಗೆ ತಿಳಿಯದು, ಅಮೆರಿಕದ ಕೆಂಟಕಿಯ ಕರ್ನಲ್ ಒಬ್ಬನ ಹಾಗೆ ಮಾತಾಡಿಸಲೇ ಎಂದು ಫಾಕ್ನರ್ ಕೇಳಿದರೆಂದು ಹಾಕ್ಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಇದನ್ನು ನಗೆಯ ಪ್ರಸಂಗವಾಗಿ ಹೇಳುವುದುಂಟು. ನನಗೆ ಮಾತ್ರ ಅದು ಬಹಳ ಪ್ರಾಮಾಣಿಕವಾದ ಪ್ರಶ್ನೆ ಅನ್ನಿಸುತ್ತದೆ. ಈಜಿಪ್ಟಿನ ಮೇಲೆ ಬರೆದ ಬಹುಪಾಲು ಲೇಖಕರು ಆ ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ಬರೆದರು. ಉತ್ತರವೇನೋ ಆಗಲೇ ಸಿಕ್ಕಿತ್ತು. ಆ ಜನ ಹೇಗೆ ಮಾತಾಡುತ್ತಿದ್ದರು, ಯಾವುದಕ್ಕೆ ಜಗಳವಾಡುತ್ತಿದ್ದರು, ಏನನ್ನು ಬಚ್ಚಿಡುತ್ತಿದ್ದರು ಎಂಬುದೆಲ್ಲ ಪಪೈರಸ್ ಹಾಳೆಗಳ ಮೇಲೆ, ಮಡಕೆ ಚೂರುಗಳ ಮೇಲೆ, ಸುಣ್ಣಕಲ್ಲಿನ ಚಕ್ಕೆಗಳ ಮೇಲೆ ಸಾವಿರಗಟ್ಟಲೆ ಉಳಿದು ಬಂದಿದೆ.

ತಪ್ಪುಗಳ ಪಟ್ಟಿ ಮಾಡುವುದರಲ್ಲಿ ನನಗೆ ಆಸಕ್ತಿಯಿಲ್ಲ. ಪಿರಮಿಡ್ಡಿನ ನೆರಳಿನಲ್ಲಿ ಒಂಟೆಗಳ ಸಾಲು, ಸಂತೆಯಲ್ಲಿ ಝಣಝಣ ಎನ್ನುವ ನಾಣ್ಯ, ಕುದುರೆ ಇನ್ನೂ ಕಾಲಿಡದ ಕಾಲದಲ್ಲಿ ರಥದ ಓಟ: ಇಂಥವನ್ನು ಒಳ್ಳೆಯ ಕಥೆ ಸಿಕ್ಕರೆ ಓದುಗ ಮನ್ನಿಸುತ್ತಾನೆ. ಮನ್ನಿಸಲಾಗದ್ದು ಬೇರೆ ಇದೆ. ಚಾಟಿ ಏಟು ತಿನ್ನುತ್ತ ಬಂಡೆ ಎಳೆಯುವ ಗುಲಾಮರ ಹಿಂಡನ್ನೇ ನೋಡಿ. ಕ್ರಿ.ಪೂ. 5ನೆಯ ಶತಮಾನದಲ್ಲಿ ಹೆರೊಡೋಟಸ್ ಈಜಿಪ್ಟಿಗೆ ಬಂದಾಗ ಖುಫುವಿನ ಪಿರಮಿಡ್ಡಿಗೆ 2000 ವರ್ಷ ಆಗಿಹೋಗಿತ್ತು. ಒಂದು ಲಕ್ಷ ಜನ ಸರದಿಯ ಮೇಲೆ ದುಡಿದರೆಂದು, ದೊರೆ ದೇವಾಲಯಗಳನ್ನು ಮುಚ್ಚಿಸಿ ಪ್ರಜೆಗಳನ್ನು ಹಿಂಡಿದನೆಂದು ಅವನು ಬರೆದ. ಆ ಖುಫು ಇವತ್ತಿಗೂ ಕಾದಂಬರಿಗಳಲ್ಲಿ, ಸಿನಿಮಾಗಳಲ್ಲಿ ಗರ್ಜಿಸುತ್ತಿದ್ದಾನೆ. ಅತ್ತ ಗೀಝಾದಲ್ಲಿ ಮಾರ್ಕ್ ಲೆಹ್ನರ್ ಮತ್ತು ಝಾಹಿ ಹವಾಸ್ ಅವರ ತಂಡಗಳು ಕೆಲಸಗಾರರ ಊರನ್ನೂ ಅವರ ಸಮಾಧಿಗಳನ್ನೂ ಅಗೆದು ತೆಗೆದಿವೆ. ರೊಟ್ಟಿ ಸುಡುವ ಭಟ್ಟಿಗಳು, ರಾಶಿ ರಾಶಿ ದನದ ಮೂಳೆ, ಮುರಿದು ಮತ್ತೆ ಸರಿಯಾಗಿ ಕೂಡಿಕೊಂಡ ಕೈಮೂಳೆಗಳು ಅಲ್ಲಿ ಸಿಕ್ಕಿವೆ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ ಪಿಯೆರ್ ತಾಲೆ ಅವರ ತಂಡಕ್ಕೆ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿಯ ಹಾಳೆಗಳು ದೊರೆತವು. ಖುಫುವಿನ ಕಾಲದ ಬರಹ ಅದು. ತುರಾ ಗಣಿಯಿಂದ ಸುಣ್ಣಕಲ್ಲು ಹೇರಿಕೊಂಡು ದೋಣಿಯಲ್ಲಿ ಗೀಝಾಕ್ಕೆ ಹೋದದ್ದು, ಇಳಿಸಿದ್ದು, ಹಿಂದಿರುಗಿದ್ದು, ರಾತ್ರಿ ತಂಗಿದ್ದು, ಇಷ್ಟೇ ಅದರಲ್ಲಿರುವುದು. ಪಿರಮಿಡ್ಡಿಗೆ ಕಲ್ಲು ಸಾಗಿಸಿದವನೊಬ್ಬ ಲೆಕ್ಕವಿಡಲು ದಿನವೂ ಬರೆದುಕೊಂಡ ಮಾತು ನಮಗೆ ಸಿಕ್ಕಿದೆ. ಅದರಿಂದ ಕಾದಂಬರಿಯೊಂದು ಹುಟ್ಟಲಿ ಎಂದು ನಾನು ಕಾಯುತ್ತಲೇ ಇದ್ದೇನೆ.

ಕಾದಂಬರಿಗಳ ಈಜಿಪ್ಟು ಸದಾ ಸಾವನ್ನು ಧ್ಯಾನಿಸುವ ದೇಶ. ಅಲ್ಲಿ ಅರ್ಚಕರು ಪಿಸುಗುಡುತ್ತಾರೆ, ರಾಣಿಯರು ವಿಷ ಬೆರೆಸುತ್ತಾರೆ, ಎಲ್ಲರೂ ಶಾಸನ ಓದಿದ ಹಾಗೆ ಮಾತಾಡುತ್ತಾರೆ. ಇದಕ್ಕೆ ಮೂಲ ಆ ಜನರ ಸ್ವಭಾವದಲ್ಲಿಲ್ಲ; ನೆಲದ ಗುಣದಲ್ಲಿದೆ. ಮನೆಗಳು, ಅರಮನೆಗಳು ಕೂಡ, ಹಸಿ ಇಟ್ಟಿಗೆಯವು. ಪ್ರತಿ ವರ್ಷ ನೆರೆ ಬರುವ ಹೊಲದ ಬದಿಯಲ್ಲಿ ಅವು ಕರಗಿದವು. ಅವುಗಳ ಮೇಲೆ ಮತ್ತೆ ಊರುಗಳು ಎದ್ದವು. ಸಮಾಧಿಗಳಾದರೋ ಮರುಭೂಮಿಯ ಒಣ ಅಂಚಿನಲ್ಲಿ ಬಂಡೆ ಕೊರೆದು ಮಾಡಿದವು. ಉಳಿದದ್ದು ಸಮಾಧಿ. ಉಳಿದದ್ದನ್ನೇ ಬದುಕು ಎಂದು ತಿಳಿದ ಕಾದಂಬರಿಕಾರ, ಉಣ್ಣುವ, ಉಳುವ, ಸಾಲ ಮಾಡುವ ಜನರನ್ನು ಶವಪೆಟ್ಟಿಗೆಯ ಮುಂದೆ ಮಂಡಿಯೂರಿಸಿ ಕೂರಿಸಿಬಿಟ್ಟ.

ಹೆಕನಖ್ತ್ ಎಂಬ ಒಬ್ಬ ಗೃಹಸ್ಥನನ್ನು ನಿಮಗೆ ಪರಿಚಯಿಸುತ್ತೇನೆ. ಸುಮಾರು 4000 ವರ್ಷಗಳ ಹಿಂದಿನವನು. ತೀರಿಕೊಂಡ ಒಬ್ಬ ಮಂತ್ರಿಯ ಸಮಾಧಿಯಲ್ಲಿ ನಿತ್ಯದ ನೈವೇದ್ಯ ನಡೆಸುವ ಕೆಲಸ, ಜತೆಗೆ ಜಮೀನಿನ ಬೇಸಾಯ. ಅವನು ಮನೆಗೆ ಬರೆದ ಕಾಗದಗಳು 1921-22ರಲ್ಲಿ ಥೀಬ್ಸಿನ ಹತ್ತಿರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಉತ್ಖನನದಲ್ಲಿ ಸಿಕ್ಕವು. ಪರಸ್ಥಳದಲ್ಲಿದ್ದುಕೊಂಡು ಮೆರಿಸು ಎಂಬವನಿಗೆ ಅಪ್ಪಣೆಗಳ ಮೇಲೆ ಅಪ್ಪಣೆ ಬರೆಯುತ್ತಾನೆ. ಯಾವ ಹೊಲ ಗುತ್ತಿಗೆಗೆ ಹಿಡಿಯಬೇಕು, ಬಾಡಿಗೆಗೆ ಏನು ಕೊಡಬೇಕು, ನೆರೆ ಬರುವಾಗ ನೆಲವನ್ನು ಹೇಗೆ ಕಾಯಬೇಕು. ತನಗೆ ಹಳೆಯ ಒಣ ಬಾರ್ಲಿ ಕಳಿಸಿ ನೀವು ಅಲ್ಲಿ ಹೊಸ ಬಾರ್ಲಿ ತಿನ್ನುತ್ತಿದ್ದೀರಿ ಎಂದು ಸಿಡಿಮಿಡಿಗೊಳ್ಳುತ್ತಾನೆ. ಅದು ಬರಗಾಲ. ಮನೆಯ ಒಬ್ಬೊಬ್ಬರ ಹೆಸರು ಬರೆದು, ಮುಂದೆ ಅವರವರ ಪಡಿ ಎಷ್ಟೆಂದು ನಮೂದಿಸಿ, ಇದಕ್ಕೆ ಯಾರೂ ತಕರಾರು ಎತ್ತಬಾರದು, ಈ ಸೀಮೆಯಲ್ಲಿ ಮನುಷ್ಯರನ್ನೇ ತಿನ್ನಲು ಶುರುಮಾಡಿದ್ದಾರೆ, ಇಷ್ಟು ಪಡಿ ಬೇರೆಲ್ಲೂ ಯಾರಿಗೂ ಸಿಗುತ್ತಿಲ್ಲ ಎನ್ನುತ್ತಾನೆ. ಸ್ನೆಫ್ರು ಎಂಬ ಹುಡುಗನ ಮೇಲೆ ಮಾತ್ರ ಅವನಿಗೆ ಎಲ್ಲಿಲ್ಲದ ಅಕ್ಕರೆ, ಅವನು ಕೇಳಿದ್ದನ್ನು ಕೊಡಿ ಎನ್ನುತ್ತಾನೆ. ಮನೆಗೆ ಹೊಸದಾಗಿ ಬಂದ ಹೆಂಡತಿಯನ್ನು ಉಳಿದವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲ. ಅವಳನ್ನು ಕಾಡಿದ ಕೆಲಸದವಳನ್ನು ಕೂಡಲೇ ಹೊರಹಾಕಿ ಎಂದು ಗದರುತ್ತಾನೆ.

ಈ ಕಾಗದಗಳಲ್ಲಿ ಒಂದು ಅವಿಭಕ್ತ ಕುಟುಂಬ ಪೂರ್ತಿಯಾಗಿ ಉಸಿರಾಡುತ್ತಿದೆ. ಯಜಮಾನನ ಜಿಪುಣತನ, ಭಯ, ಪ್ರೀತಿ ಎಲ್ಲ ಒಂದೇ ವಾಕ್ಯದಲ್ಲಿ ಬೆರೆತು ಬರುತ್ತವೆ. ಕಾದಂಬರಿಕಾರರಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಈಜಿಪ್ಟ್ ವಿದ್ವಾಂಸ ಸ್ಟೀಫನ್ ಗ್ಲಾನ್‌ವಿಲ್ ಒತ್ತಾಯಿಸಿದ ಮೇಲೆ ಅಗಾಥಾ ಕ್ರಿಸ್ಟಿ ಇದೇ ಕಾಗದಗಳ ಆಧಾರದಿಂದ ‘ಡೆತ್ ಕಮ್ಸ್ ಆ್ಯಸ್ ದಿ ಎಂಡ್’ ಬರೆದರು. ಆಕೆ ಮನೆಯ ವಿವರಗಳಿಗಾಗಿ ಪಟ್ಟ ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ಆ ಕಥೆಯಲ್ಲಿ ಹೊಸ ಹೆಂಡತಿ ಸಾಯುತ್ತಾಳೆ, ಆಮೇಲೆ ಒಬ್ಬೊಬ್ಬರಾಗಿ ಸಾಯುತ್ತಲೇ ಹೋಗುತ್ತಾರೆ, ಕೊಲೆಗಾರ ಯಾರೆಂಬ ಕುತೂಹಲ ಕಣಜವನ್ನೂ ಪಡಿಯನ್ನೂ ನುಂಗಿಹಾಕುತ್ತದೆ. ಹಸಿವಿನ ವರ್ಷದಲ್ಲಿ ಇಡೀ ಮನೆಯನ್ನು ಬದುಕಿಸಿಕೊಳ್ಳಲು ಒದ್ದಾಡಿದವನ ಕಥೆ, ಮನೆಯವರನ್ನೆಲ್ಲ ಸಾಯಿಸುವ ಕಥೆಯಾಯಿತು. ಪತ್ತೇದಾರಿ ಕಾದಂಬರಿಯಾಗಿ ಅದು ಗೆದ್ದಿರಬಹುದು. ಹೆಕನಖ್ತ್‌ನ ಮನೆ ಮಾತ್ರ ಸಾಹಿತ್ಯಕ್ಕೆ ಇನ್ನೂ ಬಂದಿಲ್ಲ.

ನನ್ನ ನಿರಾಸೆ ಅತಿ ತೀವ್ರವಾಗುವ ಜಾಗ ದೇರ್ ಎಲ್-ಮದೀನಾ. ಲಕ್ಸರಿನ ಎದುರು ದಂಡೆಯ ಬೆಟ್ಟಗಳ ನಡುವೆ, ದೊರೆಗಳ ಗೋರಿಗಳನ್ನು ಕೊರೆದು ಚಿತ್ರ ಬಿಡಿಸುತ್ತಿದ್ದ ಕುಶಲಕರ್ಮಿಗಳು ತಲೆಮಾರುಗಳ ಕಾಲ ಬಾಳಿದ ಊರು ಅದು. ಅಲ್ಲಿ ಓದುಬರಹ ಬಲ್ಲವರು ಬಹಳ ಇದ್ದರು. ಸುಣ್ಣಕಲ್ಲಿನ ಚಕ್ಕೆ ಕಾಲ ಬುಡದಲ್ಲೇ ಬಿದ್ದಿರುತ್ತಿತ್ತು. ಏನು ತೋಚಿದರೂ ಬರೆದರು. ಎರಡನೆಯ ರಾಮ್ಸೆಸ್‌ನ 40ನೆಯ ವರ್ಷದ ಹಾಜರಿ ಪಟ್ಟಿಯೊಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಯಾರು ಯಾವ ದಿನ ಕೆಲಸಕ್ಕೆ ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಅದರಲ್ಲಿ ಬರೆದಿದೆ. ಒಬ್ಬನಿಗೆ ಚೇಳು ಕುಟುಕಿದೆ. ಒಬ್ಬನಿಗೆ ಕಣ್ಣು ನೋವು. ಒಬ್ಬ ಮನೆಯಲ್ಲಿ ಬಿಯರ್ ಮಾಡುತ್ತಿದ್ದಾನೆ. ಒಬ್ಬ ತಾಯಿಯ ಶವಕ್ಕೆ ಬಟ್ಟೆ ಸುತ್ತುತ್ತಿದ್ದಾನೆ. ಇನ್ನೊಂದು ಚಕ್ಕೆಯಲ್ಲಿ ಮೆನ್ನಾ ಎಂಬ ಕೆಲಸಗಾರನ ದೂರಿದೆ. ಕಾವಲುಪಡೆಯ ಮುಖ್ಯಸ್ಥ ಅವನಿಂದ ಒಂದು ಮಡಕೆ ಕೊಬ್ಬು ಪಡೆದು, ಬದಲಿಗೆ ಬಾರ್ಲಿ ಕೊಡುತ್ತೇನೆಂದವನು, 18 ವರ್ಷವಾದರೂ ಕೊಟ್ಟಿಲ್ಲ. ಊರಿನ ನ್ಯಾಯಸಭೆಯಲ್ಲಿ ಮತ್ತೆ ಮತ್ತೆ ಹೇಳಿಕೊಂಡರೂ ಫಲವಿಲ್ಲ. ಬಲಾಢ್ಯನ ಬಾಕಿ ವಸೂಲಿಯಾಗದ ಈ ಸಂಕಟಕ್ಕೆ 3000 ವರ್ಷ ದಾಟಿದೆ.

ಮೂರನೆಯ ರಾಮ್ಸೆಸ್‌ನ 29ನೆಯ ವರ್ಷದಲ್ಲಿ ಈ ಊರಿನವರು ಕೆಲಸ ನಿಲ್ಲಿಸಿದರು. ಲೋಕದಲ್ಲಿ ಬರಹಕ್ಕೆ ಸಿಕ್ಕ ಮೊದಲ ಮುಷ್ಕರ ಅದು. ಅದನ್ನು ದಾಖಲಿಸಿದ ಪಪೈರಸ್ ಇಟಲಿಯ ಟುರಿನ್ ನಗರದಲ್ಲಿದೆ. ಪಡಿ ಬರಬೇಕಾದ ದಿನ ಕಳೆದು 18 ದಿನವಾಯಿತು, ಹಸಿದಿದ್ದೇವೆ ಎನ್ನುತ್ತ ಅವರು ಕಾವಲು ಗೋಡೆಗಳನ್ನು ದಾಟಿ ಮೂರನೆಯ ತುಥ್ಮೋಸ್‌ನ ದೇವಾಲಯದ ಹಿಂದೆ ಹೋಗಿ ಕುಳಿತರು. ಅಧಿಕಾರಿಗಳು ಬಂದು ಸಮಾಧಾನ ಹೇಳಿದರು, ಏಳಲಿಲ್ಲ. ಹಸಿವು ಬಾಯಾರಿಕೆ ನಮ್ಮನ್ನು ಇಲ್ಲಿಗೆ ತಂದಿದೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ಸೊಪ್ಪುಸದೆಯಿಲ್ಲ, ಇದನ್ನು ನಮ್ಮ ಒಡೆಯನಾದ ಫೇರೋಗೆ ಬರೆದು ತಿಳಿಸಿ ಎಂದರು. ಸ್ವಲ್ಪ ಪಡಿ ಬಂತು, ಮತ್ತೆ ನಿಂತಿತು, ಮತ್ತೆ ಅವರು ಕೆಲಸ ಬಿಟ್ಟು ಹೊರಟರು. ಮಂತ್ರಿಯಿಂದ ಬಂದ ಉತ್ತರವೋ, ಕಣಜದಲ್ಲೇ ಏನೂ ಇಲ್ಲ ಎಂಬ ಧಾಟಿಯದು. ಆಗ ಬಳಸಿದ ಮಾತು, ಇಟ್ಟ ಆಣೆ, ಹಾಕಿದ ಬೆದರಿಕೆಗಳನ್ನು ಊರಿನ ಲಿಪಿಕಾರ ಅಮೆನ್ನಖ್ತೆ ಬರೆದಿಟ್ಟಿದ್ದಾನೆ.

ಅದೇ ಊರಿನ ನೌನಖ್ತೆ ಎಂಬ ಮುದುಕಿಯ ಉಯಿಲನ್ನೂ ಹೇಳದೆ ಮುಂದೆ ಹೋಗಲಾರೆ. ಎಂಟು ಮಕ್ಕಳನ್ನು ಸಾಕಿ, ಅವರು ಸಂಸಾರ ಹೂಡುವಾಗ ಕೊಡಬೇಕಾದ್ದೆಲ್ಲ ಕೊಟ್ಟೆ. ಈಗ ನನಗೆ ವಯಸ್ಸಾಗಿದೆ, ಇವರಲ್ಲಿ ಕೆಲವರು ನನ್ನನ್ನು ನೋಡಿಕೊಳ್ಳುತ್ತಿಲ್ಲ. ನನ್ನ ಕೈ ಹಿಡಿದವರಿಗೆ ನನ್ನ ಆಸ್ತಿ, ಹಿಡಿಯದವರಿಗೆ ಇಲ್ಲ ಎಂದು ಆಕೆ ಸಾಕ್ಷಿಗಳನ್ನು ಕೂರಿಸಿಕೊಂಡು ನ್ಯಾಯಸಭೆಯ ಮುಂದೆ ಹೇಳಿ ಬರೆಸಿದಳು. ಒಬ್ಬ ಮಗನಿಗೆ ಉಳಿದವರಿಗಿಂತ ಹೆಚ್ಚಾಗಿ ಒಂದು ಲೋಹದ ಬೋಗುಣಿ. ಅರಮನೆಯ ರಾಣಿಯರ ಬಗ್ಗೆ ಬಂದಿರುವ ದಪ್ಪ ದಪ್ಪ ಕಾದಂಬರಿಗಳೆಲ್ಲ ಸೇರಿದರೂ ಈ ಬೋಗುಣಿಯ ತೂಕಕ್ಕೆ ಬರುವುದಿಲ್ಲ ಎಂದು ನಾನು ನಂಬಿದ್ದೇನೆ.

ಇಷ್ಟೆಲ್ಲ ಇರುವ ಊರಿನ ಮೇಲೆ ಕ್ರಿಶ್ಚಿಯನ್ ಜ್ಯಾಕ್ 2000ರಲ್ಲಿ ನಾಲ್ಕು ಸಂಪುಟಗಳ ಕಾದಂಬರಿಮಾಲೆ ಹೊರತಂದರು. ಅವರು ಈಜಿಪ್ಟ್ ಅಧ್ಯಯನದಲ್ಲಿ ಡಾಕ್ಟರೇಟ್ ಪಡೆದ ಫ್ರೆಂಚ್ ಲೇಖಕ, ಮೂಲ ದಾಖಲೆಗಳನ್ನು ಓದಬಲ್ಲವರು, ಅವರ ರಾಮ್ಸೆಸ್ ಮಾಲೆ ಹಲವು ಭಾಷೆಗಳಿಗೆ ಹೋಗಿದೆ. ದೇರ್ ಎಲ್-ಮದೀನಾ ಅವರ ಕೈಯಲ್ಲಿ ಏನಾಯಿತು? ಬೆಳಕಿನ ಕಲ್ಲೊಂದನ್ನು ಕಾಯುವ, ದೀಕ್ಷೆ ಪಡೆದ ರಹಸ್ಯ ಸಂಘ. ಕೂಲಿ, ಪಡಿ, ಬಾಕಿ, ಚೇಳು ಎಲ್ಲ ಹಿಂದೆ ಸರಿದು ಒಳಿತು ಕೆಡುಕುಗಳ ಕಾಳಗ ಮುಂದೆ ಬಂತು. ಗೊತ್ತಿಲ್ಲದವರು ಹಾಗೆ ಬರೆದಿದ್ದರೆ ನೋವಾಗುತ್ತಿರಲಿಲ್ಲ. ಆ ಭಾಷೆ ಬಲ್ಲ ಒಬ್ಬ ವಿದ್ವಾಂಸ, ಆ ಜನ ತಾವೇ ಆಡಿದ ಮಾತು ಸಾಲದೆಂದು ಅವರ ಬಾಯಿಗೆ ಮಂತ್ರ ತುರುಕಿದ್ದು ನನಗೆ ಸಹಿಸಲಾಗದು.

ಫೇರೋ ಅಖೆನಾತೆನ್‌ನ ವಿಷಯಕ್ಕೆ ಬಂದರೆ ಮಾತು ಇನ್ನೂ ಗಂಭೀರವಾಗುತ್ತದೆ. ಫಿನ್‌ಲ್ಯಾಂಡಿನ ಮಿಕಾ ವಾಲ್ತಾರಿ 1945ರಲ್ಲಿ ಪ್ರಕಟಿಸಿದ ‘ಸಿನುಹೆ’ ಈ ಗುಂಪಿನ ಕಾದಂಬರಿಗಳಲ್ಲೆಲ್ಲ ದೊಡ್ಡದು. ಯುದ್ಧದಲ್ಲಿ ನುಚ್ಚುನೂರಾದ ಯುರೋಪಿನ ದುಃಖ ಅದರ ಪ್ರತಿ ಪುಟದಲ್ಲೂ ಇದೆ. ಆದರ್ಶದ ದೊರೆ ದೇಶವನ್ನು ಹಾಳುಗೆಡವುವುದನ್ನು ವೈದ್ಯನೊಬ್ಬ ನೋಡುತ್ತ ನಿಲ್ಲುವ ಆ ಕಥೆ ನನ್ನನ್ನೂ ಅಲುಗಾಡಿಸಿದೆ. ಆದರೂ ಅದು 1945ರ ಯುರೋಪಿನ ಅಳಲು. ಅದರ ನಂತರ ಬಂದ ಕಾದಂಬರಿಕಾರರು ಅಖೆನಾತೆನ್‌ನನ್ನು ಪ್ರವಾದಿಯನ್ನೋ ಕವಿಯನ್ನೋ ಮಾಡುತ್ತ ಹೋದರು. ಅವನು ಕಟ್ಟಿಸಿದ ನಗರ ಅಮರ್ನಾ. ಅಲ್ಲಿ ಬ್ಯಾರಿ ಕೆಂಪ್ ಅವರ ನೇತೃತ್ವದಲ್ಲಿ 2006ರಿಂದ ಸಾಮಾನ್ಯರ ಸ್ಮಶಾನಗಳ ಉತ್ಖನನ ನಡೆಯಿತು. ಬೆಳೆಯುವ ವಯಸ್ಸಿನಲ್ಲೇ ಭಾರ ಹೊತ್ತು ಜಖಂಗೊಂಡ ಬೆನ್ನುಮೂಳೆಗಳು, ಆಹಾರ ಸಾಲದೆ ಕುಂಠಿತಗೊಂಡ ದೇಹಗಳು ಸಿಕ್ಕವು. ಉತ್ತರದ ಸ್ಮಶಾನದಲ್ಲಿ ಹೂತವರಲ್ಲಿ ಹೆಚ್ಚಿನವರು 7ರಿಂದ 25 ವಯಸ್ಸಿನೊಳಗಿನವರು. ಸೂರ್ಯದೇವನಿಗೆ ತೆರೆದ ಅಂಗಳಗಳ ಬೆಳಕಿನ ನಗರವನ್ನು ಎಷ್ಟು ಅವಸರದಲ್ಲಿ, ಯಾರ ಬೆನ್ನ ಮೇಲೆ ಕಟ್ಟಿದರು ಎಂಬುದಕ್ಕೆ ಆ ಮಕ್ಕಳ ಮೂಳೆಗಳೇ ಸಾಕ್ಷಿ. ಇದನ್ನು ತಿಳಿದ ಮೇಲೂ ದೊರೆಯ ತತ್ತ್ವಚಿಂತನೆಯ ಸುತ್ತಲೇ ಕಥೆ ಹೆಣೆಯುವವರನ್ನು ನಾನು ಒಪ್ಪಲಾರೆ.

ವಿಲ್ಬರ್ ಸ್ಮಿತ್‌ರ ‘ರಿವರ್ ಗಾಡ್’ (1993) ಬಗ್ಗೆ ಒಂದೇ ಮಾತು. ಗೋರಿಯೊಂದರಲ್ಲಿ ಸಿಕ್ಕ ಸುರುಳಿಗಳ ಆಧಾರದಿಂದ ಬರೆದದ್ದೆಂದು ಪುಸ್ತಕದ ಕೊನೆಯಲ್ಲಿ ಹೇಳಿಕೊಂಡರು. ಅದು ಕಟ್ಟುಕತೆ, ಆದರೆ ಅನೇಕ ಓದುಗರು ನಂಬಿದರು. ಅದರಲ್ಲಿ, ಮುಂದೆ ಈಜಿಪ್ಟಿನ ದೊರೆಗಳಾದ ಹಿಕ್ಸೋಸರು ರಥವೇರಿ ಒಮ್ಮೆಗೇ ನುಗ್ಗಿ ಬರುವ ಕಿರಾತರು. ತೆಲ್ ಎಲ್-ದಬ್ಆದಲ್ಲಿ ಮ್ಯಾನ್‌ಫ್ರೆಡ್ ಬೀಟಕ್ ದಶಕಗಳ ಕಾಲ ನಡೆಸಿದ ಅಗೆತ, ಆ ಜನ ತಲೆಮಾರುಗಳಿಂದ ನೈಲ್ ಮುಖಜಭೂಮಿಯಲ್ಲಿ ನೆಲೆಸಿ, ವ್ಯಾಪಾರ ಮಾಡಿ ಬೇರುಬಿಟ್ಟವರೆಂದು ತೋರಿಸಿದೆ. ನೆರೆಮನೆಯವನು ದೊರೆಯಾದ ಕಥೆ, ದಂಡೆತ್ತಿ ಬಂದವನ ಕಥೆಗಿಂತ ಎಷ್ಟೋ ಜಟಿಲ, ಎಷ್ಟೋ ನಿಜ.

ಈಜಿಪ್ಟಿನವರು ತಮ್ಮ ಹಿಂದಿನ ಕಾಲದ ಬಗ್ಗೆ ತಾವೇ ಕಥೆ ಬರೆದುಕೊಂಡಿದ್ದರು. ಬರ್ಲಿನ್ನಿನಲ್ಲಿರುವ ವೆಸ್ಟ್‌ಕಾರ್ ಪಪೈರಸ್ ಖುಫು ತೀರಿಕೊಂಡು ಎಷ್ಟೋ ಶತಮಾನಗಳಾದ ಮೇಲಿನದು. ಖುಫುವೇ ಅದರ ಒಂದು ಪಾತ್ರ. ಜೆದಿ ಎಂಬ 110 ವಯಸ್ಸಿನ ಮಾಂತ್ರಿಕ ಕಡಿದ ತಲೆಯನ್ನು ಮತ್ತೆ ಕೂಡಿಸಬಲ್ಲನೆಂದು ಕೇಳಿ, ದೊರೆ ಸೆರೆಮನೆಯಿಂದ ಒಬ್ಬ ಕೈದಿಯನ್ನು ತರಿಸುತ್ತೇನೆ ಎನ್ನುತ್ತಾನೆ. ಮನುಷ್ಯನ ಮೇಲೆ ಬೇಡ, ಒಡೆಯಾ ಎಂದು ಮುದುಕ ತಡೆಯುತ್ತಾನೆ. ಆಮೇಲೆ ಹೆಬ್ಬಾತು ತರಿಸುತ್ತಾರೆ. ಅದೇ ಸುರುಳಿಯಲ್ಲಿ ಖುಫುವಿನ ತಂದೆ ಸ್ನೆಫ್ರು ಕೊಳದಲ್ಲಿ ದೋಣಿವಿಹಾರಕ್ಕೆ ಹೊರಟಾಗ ಹುಟ್ಟುಹಾಕುತ್ತಿದ್ದ ಹುಡುಗಿಯೊಬ್ಬಳ ಮೀನಿನಾಕಾರದ ಪದಕ ನೀರಿಗೆ ಬಿದ್ದು, ಅವಳು ಹುಟ್ಟು ನಿಲ್ಲಿಸುತ್ತಾಳೆ. ಬೇರೆ ಕೊಡಿಸುತ್ತೇನೆ ಎಂದರೂ ಒಪ್ಪದೆ ನನ್ನದೇ ಬೇಕು ಎನ್ನುತ್ತಾಳೆ. ದೊರೆ ಅದನ್ನು ಹುಡುಕಿಸುತ್ತಾನೆ. ದೊರೆಯ ಎದುರು ಹಟ ಹಿಡಿಯುವ ಹುಡುಗಿ, ದೊರೆಯನ್ನು ತಿದ್ದುವ ಮುದುಕ: ಮೂರೂವರೆ ಸಾವಿರ ವರ್ಷದ ಹಿಂದಿನ ಲಿಪಿಕಾರನಿಗೆ ಇದ್ದ ಈ ಸಲಿಗೆ ನಮ್ಮ ಕಾಲದವರಿಗೆ ಬರಲಿಲ್ಲ.

ಕನ್ನಡದ ಕೇಳುಗರಾದ ನಿಮಗೆ ಒಂದು ನಂಟನ್ನು ನೆನಪಿಸಬೇಕು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕು 1903ರಲ್ಲಿ ಅಚ್ಚಾದ ರೋಮನ್ ಕಾಲದ ಗ್ರೀಕ್ ಪ್ರಹಸನವೊಂದಿದೆ. ಹಿಂದೂ ಮಹಾಸಾಗರದ ತೀರದ ದೊರೆಯೊಬ್ಬನ ವಶದಲ್ಲಿರುವ ಗ್ರೀಕ್ ಹುಡುಗಿ ಖಾರಿಟಿಯಾನಳನ್ನು ಅವಳ ಕಡೆಯವರು ದೊರೆಗೆ ಹೆಂಡ ಕುಡಿಸಿ ಪಾರುಮಾಡುವ ಕಥೆ. ಆ ದೊರೆಯ ಕಡೆಯವರು ಆಡುವ ಅನ್ಯಭಾಷೆಯ ಮಾತು ಕನ್ನಡ ಎಂದು ಹುಲ್ಷ್ ಸೂಚಿಸಿದರು, ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಅದನ್ನು ಎತ್ತಿಹಿಡಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಕನ್ನಡವೇ ಆಗಿದ್ದರೂ ನನಗೆ ಹೆಮ್ಮೆಗಿಂತ ಹೆಚ್ಚಾಗಿ ಒಂದು ಎಚ್ಚರ ಹುಟ್ಟುತ್ತದೆ. ನೈಲ್ ದಂಡೆಯ ಆ ನಾಟಕಕಾರನಿಗೆ ಕಡಲಾಚೆಯ ನಾವು ಹೆಂಡಕ್ಕೆ ಮರುಳಾಗುವ, ಅರ್ಥವಾಗದ್ದನ್ನು ಒದರುವ ಜನ. ನಮ್ಮ ಪೂರ್ವಿಕರ ಹೊಲಮನೆ, ಕೊಡುಕೊಳೆ, ಕಷ್ಟಸುಖ ಯಾವುದೂ ಅವನಿಗೆ ಬೇಕಿರಲಿಲ್ಲ. ದೂರದವರನ್ನು ವೇಷವಾಗಿ ಕಾಣುವುದು ಎಷ್ಟು ಹಳೆಯ ಚಾಳಿ ಎಂದು ಆ ಹಾಳೆ ನಮ್ಮ ಮೈಮೇಲೇ ಪ್ರಯೋಗಿಸಿ ತೋರಿಸಿದೆ.

ನಿರಾಸೆಯೊಂದನ್ನೇ ಹೇಳಿ ಮುಗಿಸಿದರೆ ಅನ್ಯಾಯವಾಗುತ್ತದೆ. ಪೋಲೆಂಡಿನ ಬೊಲೆಸ್ವಾಫ್ ಪ್ರುಸ್ 19ನೆಯ ಶತಮಾನದ ಕೊನೆಯಲ್ಲಿ ಬರೆದ ‘ಫೇರೋ’ದಲ್ಲಿ ದೊರೆಗೂ ಅರ್ಚಕವರ್ಗಕ್ಕೂ ನಡುವಿನ ಜಗ್ಗಾಟ, ಬೊಕ್ಕಸದ ಸಾಲ, ರೈತನ ಕಂದಾಯ ಇವೆಲ್ಲ ಕಥೆಯ ಬೆನ್ನೆಲುಬು. ನಮ್ಮ ನಿರಂಜನರು 1970ರ ದಶಕದಲ್ಲಿ ‘ಮೃತ್ಯುಂಜಯ’ ಬರೆದರು. ಅದರ ನಾಯಕ ಮೆನೆಪ್ಟಾ, ಫೇರೋನ ಆಳ್ವಿಕೆಗೆ ಎದುರು ನಿಂತ ಜನಸಾಮಾನ್ಯ. ಕಯ್ಯೂರಿನ ರೈತರ ಹೋರಾಟವನ್ನು ‘ಚಿರಸ್ಮರಣೆ’ಯಲ್ಲಿ ಬರೆದ ಕೈ ಅದು, ನೈಲ್ ದಂಡೆಯಲ್ಲೂ ಅದು ಅರಮನೆಯ ಕಡೆ ತಿರುಗಲಿಲ್ಲ. ಇಂಗ್ಲಿಷಿನಲ್ಲಿ ಬರುವ ದಪ್ಪ ಪುಸ್ತಕಗಳನ್ನು ಅಂಗಡಿಯಲ್ಲಿ ಹುಡುಕುವ ನಮ್ಮ ಯುವಕರು ಮೊದಲು ಇದನ್ನು ಓದಲಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಇನ್ನು ನಗೀಬ್ ಮಹಫೂಝ್, ಈಜಿಪ್ಟಿನ ಮಣ್ಣಿನ ಮಗ. 1939ರಿಂದ 1944ರೊಳಗೆ ಫೇರೋಗಳ ಕಾಲದ ಮೂರು ಕಾದಂಬರಿ ಪ್ರಕಟಿಸಿದರು. ಸುಮಾರು 40 ಬರೆಯುವ ಹಂಚಿಕೆ ಹಾಕಿದ್ದರಂತೆ. ಆಮೇಲೆ ಅದನ್ನು ಕೈಬಿಟ್ಟು ಕೈರೋದ ಗಲ್ಲಿಗಳಿಗೆ ಬಂದರು, ಅಲ್ಲೇ ದೊಡ್ಡವರಾದರು. ಮತ್ತೆ 1985ರಲ್ಲಿ ಅಖೆನಾತೆನ್‌ನ ಬಗ್ಗೆ ಬರೆದಾಗ ಅವರ ದಾರಿ ಬದಲಾಗಿತ್ತು. ದೊರೆ ಸತ್ತ ಮೇಲೆ ಒಬ್ಬ ತರುಣ ಅವನನ್ನು ಬಲ್ಲವರ ಮನೆಮನೆಗೆ ಹೋಗಿ ಕೇಳುತ್ತಾನೆ. ಒಬ್ಬೊಬ್ಬರದೂ ಒಂದೊಂದು ಹೇಳಿಕೆ. ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ. ಲೇಖಕ ತೀರ್ಪು ಕೊಡುವುದಿಲ್ಲ.

ಈ ದಾರಿಯನ್ನು ದೇರ್ ಎಲ್-ಮದೀನಾಕ್ಕೆ ಯಾರಾದರೂ ಒಯ್ಯಬೇಕೆಂಬುದು ನನ್ನ ಆಸೆ. ಆ ಊರಿನ ಮೇಸ್ತ್ರಿ ಪನೇಬ್ ಎಂಬವನ ಮೇಲೆ ಅಮೆನ್ನಖ್ತ್ ಎಂಬಾತ ಬರೆದ ಉದ್ದನೆಯ ದೂರು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇವನು ಮುಷ್ಕರದ ಕಾಲದ ಲಿಪಿಕಾರನಲ್ಲ, ಅವನಿಗಿಂತ ಹಿಂದಿನವನು. ಮಂತ್ರಿಗೆ ಆಳುಗಳನ್ನು ಲಂಚವಾಗಿ ಕೊಟ್ಟು ಪನೇಬ್ ಮೇಸ್ತ್ರಿಯಾದ, ದೊರೆಯ ಗೋರಿಯ ಸಾಮಾನು ಕದ್ದ, ಊರಿನ ಹೆಂಗಸರನ್ನು ಕೆಡಿಸಿದ, ಗೋಡೆಯ ಮೇಲೆ ನಿಂತು ಜನರತ್ತ ಇಟ್ಟಿಗೆ ತೂರಿದ, ತನ್ನನ್ನು ಸಾಕಿ ಬೆಳೆಸಿದ ಮೇಸ್ತ್ರಿಯನ್ನೇ ಕೊಲ್ಲುತ್ತೇನೆಂದ. ದೂರು ಕೊಟ್ಟವನು ಆ ಸತ್ತ ಮೇಸ್ತ್ರಿಯ ತಮ್ಮ. ಹುದ್ದೆ ನ್ಯಾಯವಾಗಿ ತನಗೆ ಬರಬೇಕಿತ್ತು ಎಂಬುದು ಅವನ ವಾದ. ಜ್ಯಾಕ್ ಈ ಪನೇಬನನ್ನು ಕಡುಗಲಿಯನ್ನಾಗಿ ಮಾಡಿ ಆರೋಪಗಳನ್ನು ಗಾಳಿಗೆ ತೂರಿದರು. ನನಗೆ ಬೇಕಾದ ಕಾದಂಬರಿಯಲ್ಲಿ ಪನೇಬನ ಹೆಂಡತಿ ಮಾತಾಡಬೇಕು, ಇಟ್ಟಿಗೆ ಏಟು ತಿಂದವರು ಮಾತಾಡಬೇಕು, ಹುದ್ದೆ ತಪ್ಪಿದವನ ಹೊಟ್ಟೆಯುರಿಯೂ ಅವನಿಗೆ ಆಗಿರಬಹುದಾದ ಅನ್ಯಾಯವೂ ಒಟ್ಟಿಗೆ ಕಾಣಬೇಕು, ಪಡಿ ಅಳೆಯುವ ಲಿಪಿಕಾರ ಯಾರ ಪರ ನಿಂತನೆಂದು ತಿಳಿಯಬೇಕು. ದಾಖಲೆಗಳು ಅಚ್ಚಾಗಿವೆ, ಇಂಗ್ಲಿಷಿಗೆ ಅನುವಾದವೂ ಆಗಿವೆ. ಇದನ್ನು ಬರೆಯಲು ಕೂರುವವರು ಈ ಸಭೆಯಲ್ಲೇ ಯಾರಾದರೂ ಇದ್ದರೆ, ನನ್ನಲ್ಲಿರುವ ಪುಸ್ತಕಗಳನ್ನೆಲ್ಲ ಅವರಿಗೆ ಕೊಡಲು ಸಿದ್ಧನಿದ್ದೇನೆ.